ಹ್ಯಾಂಡಲ್ ತಿರುಗಿಸಿದಾಗ ಹೋಗುತ್ತಿದ್ದ ಫ್ಯೂಸ್: ಒಂದು ಎಟಿವಿಯ ವೈರಿಂಗ್ ದೋಷದ ಪ್ರಕರಣ ಅಧ್ಯಯನ

ಪರಿಶೀಲನೆಗೆ ಬಂದ ವಾಹನವು 500 ಸಿಸಿ ವರ್ಗದ, ಒಂದೇ ಸಿಲಿಂಡರಿನ, ಫ್ಯುಯೆಲ್ ಇಂಜೆಕ್ಷನ್ ಇರುವ ಫೋರ್ ವೀಲ್ ಡ್ರೈವ್ ಎಟಿವಿ, ಅಂದರೆ ಉಬ್ಬುತಗ್ಗಿನ ನೆಲದಲ್ಲೂ ಓಡುವ, ಹ್ಯಾಂಡಲ್ ಇರುವ ನಾಲ್ಕು ಚಕ್ರದ ಬಂಡಿ. 12 ವೋಲ್ಟಿನ ಬ್ಯಾಟರಿ, ಎಂಜಿನ್ನಿನೊಳಗೆ ಕರೆಂಟ್ ಹುಟ್ಟಿಸುವ ಮೂರು ಫೇಸಿನ ಸ್ಟೇಟರ್, ಅಲ್ಲಿಂದ ಬರುವ ಎಸಿಯನ್ನು ಡಿಸಿ ಮಾಡಿ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ರೆಕ್ಟಿಫೈಯರ್, 30 ಆಂಪಿಯರಿನ ಮುಖ್ಯ ಫ್ಯೂಸ್, ಅದರಿಂದ ಕವಲೊಡೆಯುವ ಇಗ್ನಿಷನ್ ಮತ್ತು ಫ್ಯಾನ್ ಫ್ಯೂಸ್‌ಗಳು: ಈ ವರ್ಗದ ವಾಹನಗಳಲ್ಲಿ ಕಾಣುವ ಮಾಮೂಲಿ ಏರ್ಪಾಡೇ ಇಲ್ಲಿಯೂ ಇತ್ತು.

ಮಾಲೀಕರ ದೂರು ಎರಡು ಬಗೆಯದಾಗಿತ್ತು. ಮೊದಲನೆಯದು, ಓಡಿಸುತ್ತಿರುವಾಗಲೇ ಒಮ್ಮೊಮ್ಮೆ ಎಂಜಿನ್ ದಿಢೀರನೆ ನಿಂತುಹೋಗಿ, ಮೀಟರಿನ ದೀಪಗಳೂ ಆರಿ, ನೋಡಿದರೆ ಇಗ್ನಿಷನ್ ಫ್ಯೂಸ್ ಹೋಗಿರುತ್ತಿತ್ತು; ಹೊಸ ಫ್ಯೂಸ್ ಹಾಕಿದರೆ ಕೆಲವು ದಿನ ಏನೂ ಆಗದೆ ಓಡಿ ಮತ್ತೆ ಅದೇ ಕಥೆಯಾಗುತ್ತಿತ್ತು. ಎರಡನೆಯದು, ಸೆಲ್ಫ್ ಬಟನ್ ಒತ್ತಿದಾಗ ಎಂಜಿನ್ ಭಾರವಾಗಿ ತಿರುಗುವುದು, ಕೆಲವೊಮ್ಮೆ ತಿರುಗದೆ ಬರೀ ಟಕ್ ಟಕ್ ಎನ್ನುವುದು. ವಾಹನ ಇಲ್ಲಿಗೆ ಬರುವ ಮೊದಲೇ ಬ್ಯಾಟರಿ ಬದಲಾಗಿತ್ತು, ರೆಗ್ಯುಲೇಟರ್ ಬದಲಾಗಿತ್ತು, ಎರಡು ದೂರುಗಳಲ್ಲಿ ಒಂದೂ ಹೋಗಿರಲಿಲ್ಲ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದಲ್ಲಿ 15 ಆಂಪಿಯರ್ ಎಂದು ಅಚ್ಚಾಗಿದ್ದ ಜಾಗದಲ್ಲಿ 25 ಆಂಪಿಯರಿನ ಫ್ಯೂಸ್ ಕೂತಿತ್ತು.

ಈ ಕೊನೆಯ ಸಂಗತಿಯನ್ನು ನೋಡಿದ ಕೂಡಲೇ ಆ ಫ್ಯೂಸನ್ನು ತೆಗೆದಿಡಲಾಯಿತು. ಫ್ಯೂಸ್ ಇರುವುದು ಉಪಕರಣವನ್ನು ಉಳಿಸುವುದಕ್ಕಿಂತ ಹೆಚ್ಚಾಗಿ ವೈರನ್ನು ಉಳಿಸುವುದಕ್ಕೆ. ವೈರಿನ ದಪ್ಪ ಎಷ್ಟು ಕರೆಂಟನ್ನು ಬಿಸಿಯಾಗದೆ ತಾಳುತ್ತದೋ ಅದಕ್ಕೆ ಹೊಂದುವಂತೆ ತಯಾರಕರು ಫ್ಯೂಸನ್ನು ನಿಗದಿ ಮಾಡಿರುತ್ತಾರೆ. ಪದೇ ಪದೇ ಹೋಗುವ ಫ್ಯೂಸಿನ ಜಾಗಕ್ಕೆ ದೊಡ್ಡದನ್ನು ಹಾಕಿದರೆ ದೋಷ ಹಾಗೆಯೇ ಉಳಿದು, ಸುಡುವ ಸರದಿ ಫ್ಯೂಸಿನಿಂದ ವೈರಿಗೆ ದಾಟುತ್ತದೆ. ಆ ವೈರು ಹೋಗುವುದು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಉಪಕರಣಗಳನ್ನು ಕೈಗೆತ್ತಿಕೊಳ್ಳುವ ಮೊದಲು ಮಾಲೀಕರನ್ನು ಕೇಳಿ ತಿಳಿದುಕೊಂಡದ್ದೇ ಈ ಪ್ರಕರಣದಲ್ಲಿ ಹೆಚ್ಚು ನೆರವಿಗೆ ಬಂತು. ಫ್ಯೂಸ್ ಹೋಗುವುದು ವೇಗವಾಗಿ ಹೋಗುವಾಗಲೋ ನಿಧಾನವಾಗಿ ಹೋಗುವಾಗಲೋ, ನೀರು ದಾಟಿದ ಮೇಲೋ ಒಣ ನೆಲದಲ್ಲೋ, ಯಾವ ಸ್ವಿಚ್ ಹಾಕಿರುವಾಗ ಎಂದು ಕೇಳುತ್ತಾ ಹೋದಂತೆ ಅವರು ನೆನಪಿಸಿಕೊಂಡು ಹೇಳಿದ್ದು ಇಷ್ಟು: ನೇರ ದಾರಿಯಲ್ಲಿ ಎಂದೂ ಹೋಗಿಲ್ಲ, ಗಾಡಿಯನ್ನು ಹಿಂದಕ್ಕೆ ತಿರುಗಿಸುವಾಗ ಅಥವಾ ಉಬ್ಬುತಗ್ಗಿನಲ್ಲಿ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಹೊರಳಿಸಿದಾಗ ಹೋಗಿದೆ. ಈ ತೊಂದರೆ ಶುರುವಾದದ್ದು ಯಾವಾಗ ಎಂದು ಕೇಳಿದ್ದಕ್ಕೆ, ಮುಂದೆ ಎಲ್‌ಇಡಿ ಬಾರ್ ಲೈಟ್ ಹಾಕಿಸಿದ ಮೇಲಿನ ಮಳೆಗಾಲದಿಂದ ಎಂದರು. ಈ ಎರಡು ಉತ್ತರಗಳಲ್ಲಿ ದೋಷದ ಜಾಗವೂ ಕಾರಣವೂ ಬಹುಮಟ್ಟಿಗೆ ಅಡಗಿದ್ದವು. ಆದರೂ ಅನುಮಾನವೇ ಪುರಾವೆಯಲ್ಲ. ಜಾಗವನ್ನು ಅಳತೆಯಿಂದ ತೋರಿಸಿಕೊಳ್ಳುವವರೆಗೆ ಹಾರ್ನೆಸ್ಸಿಗೆ (ವೈರುಗಳ ಕಟ್ಟಿಗೆ) ಕತ್ತರಿ ಹಾಕಬಾರದು ಎಂಬ ನಿಯಮವನ್ನು ಇಲ್ಲಿಯೂ ಪಾಲಿಸಲಾಯಿತು.

ಸೆಲ್ಫ್ ಭಾರವಾಗಿ ತಿರುಗುತ್ತಿದ್ದ ದೂರು

ಎರಡು ದೂರುಗಳಲ್ಲಿ ಸದಾ ಕಣ್ಣೆದುರಿಗೆ ಇರುವಂಥದ್ದನ್ನು ಮೊದಲು ಮುಗಿಸುವುದು ಜಾಣತನ. ಬಂದು ಹೋಗುವ ದೋಷವನ್ನು ಹುಡುಕುವಾಗ ಅದು ಅಡ್ಡ ಬರಬಾರದು. ಚಾರ್ಜ್ ಮಾಡಿ ಕೆಲವು ಗಂಟೆ ಸುಮ್ಮನೆ ಬಿಟ್ಟ ಬ್ಯಾಟರಿ 12.7 ವೋಲ್ಟ್ ತೋರಿಸಿತು, ಇದು ತುಂಬಿದ ಬ್ಯಾಟರಿಯ ಲಕ್ಷಣ. ಎಂಜಿನ್ ಚಾಲೂ ಆಗದಂತೆ ಫ್ಯುಯೆಲ್ ಪಂಪಿನ ರಿಲೇ (ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ತೆಗೆದಿಟ್ಟು ಸೆಲ್ಫ್ ಒತ್ತಿದಾಗ ಬ್ಯಾಟರಿಯ ಟರ್ಮಿನಲ್‌ಗಳಲ್ಲಿ 10.7 ವೋಲ್ಟ್ ಉಳಿದಿತ್ತು. ಬ್ಯಾಟರಿ ಸೋತಿದ್ದರೆ ಈ ಸಂಖ್ಯೆ ಇನ್ನೂ ಬಹಳ ಕೆಳಗಿಳಿಯಬೇಕಿತ್ತು. ಅದೇ ಹೊತ್ತಿನಲ್ಲಿ ಸ್ಟಾರ್ಟರ್ ಮೋಟರಿನ ಟರ್ಮಿನಲ್ ಮತ್ತು ಅದರ ಮೈಯ ನಡುವೆ ಅಳೆದಾಗ ಸಿಕ್ಕಿದ್ದು 9.15 ವೋಲ್ಟ್ ಮಾತ್ರ. ಅಂದರೆ ಬ್ಯಾಟರಿಯಿಂದ ಹೊರಟ ಒಂದೂವರೆ ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತಿತ್ತು.

ದಾರಿಯ ಯಾವ ಭಾಗದಲ್ಲಿ ಕಳೆಯುತ್ತಿದೆ ಎಂಬುದನ್ನು ವೋಲ್ಟೇಜ್ ಡ್ರಾಪ್ ಪರೀಕ್ಷೆ ನೇರವಾಗಿ ಹೇಳುತ್ತದೆ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಇನ್ನೊಂದನ್ನು ಸ್ಟಾರ್ಟರಿನ ಟರ್ಮಿನಲ್ಲಿಗೂ ಒತ್ತಿ ಹಿಡಿದು ಸೆಲ್ಫ್ ಹೊಡೆದಾಗ ಬಂದದ್ದು 0.25 ವೋಲ್ಟ್, ಸ್ಟಾರ್ಟರಿಗೆ ಕರೆಂಟ್ ಹಾಯಿಸುವ ಸ್ವಿಚ್ಚಾದ ಸೊಲೆನಾಯ್ಡೂ ಸೇರಿದ ಈ ಹಾದಿಗೆ ಇಷ್ಟು ಒಪ್ಪತಕ್ಕದ್ದೇ. ನೆಗೆಟಿವ್ ಕಂಬದಿಂದ ಎಂಜಿನ್ ಮೈಗೆ ಅಳೆದಾಗ 1.3 ವೋಲ್ಟ್ ಬಂತು. ಅರ್ತ್ ಕಡೆಯಲ್ಲಿ, ಅಂದರೆ ಕರೆಂಟು ಲೋಹದ ಮೈಯಿಂದ ಬ್ಯಾಟರಿಗೆ ಮರಳುವ ಹಾದಿಯಲ್ಲಿ, ಇದು 0.2 ವೋಲ್ಟನ್ನು ದಾಟಬಾರದು. ಮೀಟರಿನ ಮೊನೆಯನ್ನು ಹಂತ ಹಂತವಾಗಿ ಸರಿಸುತ್ತಾ ಹೋದಾಗ, ಕೇಬಲ್ಲಿನ ಉದ್ದಕ್ಕೂ ಕಳೆಯುವುದು ಅತ್ಯಲ್ಪವೆಂದೂ, 1.1 ವೋಲ್ಟಿನಷ್ಟು ಕೇಬಲ್ಲಿನ ಲಗ್ (ತುದಿಯ ಲೋಹದ ಉಂಗುರ) ಮತ್ತು ಅದು ಕೂತಿರುವ ಲೋಹದ ನಡುವೆಯೇ ಕಳೆಯುತ್ತಿದೆಯೆಂದೂ ಗೊತ್ತಾಯಿತು. ಬೋಲ್ಟ್ ಬಿಚ್ಚಿದಾಗ ಲಗ್ಗಿನ ಅಡಿಯಲ್ಲಿ ಹಸಿರು ಕಿಲುಬು, ಅದರ ಕೆಳಗೆ ತುಕ್ಕು, ಒಂದು ಅಂಚಿನಲ್ಲಿ ಇನ್ನೂ ಉಳಿದಿದ್ದ ಬಣ್ಣ ಕಂಡವು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಿಂದೆ ಈ ವಾಹನವನ್ನು ನೋಡಿದವರು ಇದೇ ಅರ್ತ್ ಕೇಬಲ್ಲನ್ನು ಮೀಟರಿನ ಬೀಪ್ ಶಬ್ದದಿಂದ ಪರೀಕ್ಷಿಸಿ ಸರಿಯಾಗಿದೆ ಎಂದಿದ್ದರು. ಸೆಲ್ಫ್ ಹೊಡೆಯುವಾಗ ಸುಮಾರು 90 ಆಂಪಿಯರ್ ಹರಿಯುತ್ತದೆಂದು ಇಟ್ಟುಕೊಂಡರೆ, 1.1 ವೋಲ್ಟ್ ಕಳೆಯಲು ಬೇಕಾದ ಪ್ರತಿರೋಧ 0.012 ಓಮ್ ಮಾತ್ರ. ಮಾಮೂಲಿ ಮಲ್ಟಿಮೀಟರಿನ ತನ್ನ ವೈರುಗಳ ಪ್ರತಿರೋಧವೇ ಇದರ ಹತ್ತಾರು ಪಟ್ಟು ಇರುತ್ತದೆ. ಹೀಗಿರುವಾಗ ಓಮ್ ಅಳತೆಯಿಂದಾಗಲೀ ಬೀಪ್ ಶಬ್ದದಿಂದಾಗಲೀ ಇಂಥ ದೋಷ ಎಂದಿಗೂ ಕಾಣದು. ನೂರು ಎಳೆಗಳಲ್ಲಿ ಒಂದೇ ಎಳೆ ಉಳಿದ ಕೇಬಲ್ಲೂ ಬೀಪ್ ಎನ್ನುತ್ತದೆ, ಏಕೆಂದರೆ ಮೀಟರು ಅದರ ಮೂಲಕ ಹರಿಸುವುದು ಮಿಲಿ ಆಂಪಿಯರಿನ ಲೆಕ್ಕದ ಕರೆಂಟು. ಕೆಲಸ ನಡೆಯುತ್ತಿರುವಾಗಲೇ ಅಳೆಯಬೇಕು.

ಬ್ಯಾಟರಿಯ ನೆಗೆಟಿವ್ ತೆಗೆದು, ಲಗ್ ಮತ್ತು ಲೋಹ ಎರಡನ್ನೂ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿಮಾಡಿ, ಬಿಗಿಮಾಡಿದ ಮೇಲೆ ನೀರು ತಾಗದಂತೆ ಮೇಲಿನಿಂದ ಗ್ರೀಸ್ ಸವರಲಾಯಿತು. ಮರುಪರೀಕ್ಷೆಯಲ್ಲಿ ಅರ್ತ್ ಕಡೆಯ ನಷ್ಟ 0.18 ವೋಲ್ಟಿಗೆ ಇಳಿದು ಎಂಜಿನ್ ಚುರುಕಾಗಿ ತಿರುಗಿತು. ಬ್ಯಾಟರಿಯ ಟರ್ಮಿನಲ್ಲಿನ ವೋಲ್ಟೇಜ್ ಮಾತ್ರ ಮೊದಲಿಗಿಂತ ಸ್ವಲ್ಪ ಕೆಳಗೆ, 10.4ಕ್ಕೆ ಇಳಿದಿತ್ತು. ಇದನ್ನು ಕಂಡು ಗಾಬರಿಯಾಗಬೇಕಿಲ್ಲ: ಅಡಚಣೆ ಹೋದದ್ದರಿಂದ ಸ್ಟಾರ್ಟರ್ ಈಗ ತನಗೆ ಬೇಕಾದಷ್ಟು ಕರೆಂಟನ್ನು ಎಳೆಯುತ್ತಿದೆ, ಹಾಗಾಗಿ ಬ್ಯಾಟರಿ ಇನ್ನಷ್ಟು ಬಾಗುತ್ತದೆ. ಎಂಜಿನ್ ಚಾಲೂ ಮಾಡಿ ಮಧ್ಯಮ ವೇಗದಲ್ಲಿ ಅಳೆದಾಗ ಬ್ಯಾಟರಿಯಲ್ಲಿ 14.1 ವೋಲ್ಟ್ ಬಂದದ್ದರಿಂದ ಚಾರ್ಜಿಂಗ್ ವ್ಯವಸ್ಥೆಯ ವಿಚಾರ ಅಲ್ಲಿಗೇ ಮುಗಿಯಿತು. ತೆಗೆದಿಟ್ಟಿದ್ದ ಹಳೆಯ ರೆಗ್ಯುಲೇಟರನ್ನು ಮಾಲೀಕರು ತಂದಿದ್ದರು. ಅದನ್ನು ಜೋಡಿಸಿ ನೋಡಿದಾಗಲೂ ಇದೇ ಅಳತೆ ಬಂತು.

ಬಂದು ಹೋಗುವ ಶಾರ್ಟನ್ನು ಹಿಡಿದ ಬಗೆ

ಇಗ್ನಿಷನ್ ಫ್ಯೂಸಿನ ಸಮಸ್ಯೆ ಇಷ್ಟು ಸುಲಭದ್ದಾಗಿರಲಿಲ್ಲ. ನಿಂತ ವಾಹನದಲ್ಲಿ ಎಲ್ಲವೂ ಸರಿಯಾಗಿದ್ದವು. ಹೊಸ ಫ್ಯೂಸುಗಳನ್ನು ಒಂದರ ಹಿಂದೊಂದು ಸುಡುತ್ತಾ ಹುಡುಕುವುದು ಪದ್ಧತಿಯಲ್ಲ. ಪ್ರತಿ ಸಲವೂ ಶಾರ್ಟ್ ಆದ, ಅಂದರೆ ವೈರಿನ ತಾಮ್ರ ವಾಹನದ ಲೋಹದ ಮೈಗೆ ತಾಗಿದ, ಕ್ಷಣದಲ್ಲೇ ಸರ್ಕ್ಯೂಟ್ ಸತ್ತುಹೋಗುವುದರಿಂದ ಎಲ್ಲಿ ಆಯಿತೆಂಬುದು ತಿಳಿಯುವುದೇ ಇಲ್ಲ. ಆದ್ದರಿಂದ ಫ್ಯೂಸಿನ ಜಾಗದಲ್ಲಿ 12 ವೋಲ್ಟಿನ, 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಎರಡು ವೈರುಗಳಿಂದ ಜೋಡಿಸಲಾಯಿತು. ಸರ್ಕ್ಯೂಟ್ ನೇರವಾಗಿ ಮೈಗೆ ತಾಗಿದರೂ ಈ ಬಲ್ಬು 1.75 ಆಂಪಿಯರಿಗಿಂತ ಹೆಚ್ಚು ಹರಿಯಗೊಡುವುದಿಲ್ಲ, ಹಾಗಾಗಿ ಯಾವ ವೈರೂ ಬಿಸಿಯಾಗುವುದಿಲ್ಲ. ಶಾರ್ಟ್ ಆದಾಗ ಬಲ್ಬ್ ಪೂರ್ತಿ ಪ್ರಕಾಶದಿಂದ ಉರಿಯುತ್ತದೆ, ಶಾರ್ಟ್ ಬಿಟ್ಟಾಗ ಆರುತ್ತದೆ. ದೋಷವನ್ನು ಎಷ್ಟು ಸಲ ಬೇಕಾದರೂ ಬರಿಸಿ ನೋಡಬಹುದು. ಬಂದು ಹೋಗುವ ಶಾರ್ಟಿಗೆ ಇದಕ್ಕಿಂತ ಅಗ್ಗವೂ ಸುರಕ್ಷಿತವೂ ಆದ ಉಪಾಯ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಕೀ ಆನ್ ಮಾಡಿದ ತಕ್ಷಣ ಬಲ್ಬ್ ಮಂದವಾಗಿ ಉರಿಯಿತು, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಮತ್ತು ಮೀಟರ್ ಎಳೆಯುವ ಸಹಜ ಕರೆಂಟು ಅದರ ಮೂಲಕವೇ ಹರಿಯುತ್ತಿತ್ತು. ಇಸಿಯು ರಿಲೇ, ಮೀಟರಿನ ಕಪ್ಲರ್ (ವೈರುಗಳನ್ನು ಸೇರಿಸುವ ಪ್ಲಗ್), ಬ್ರೇಕ್ ಲೈಟ್ ಸ್ವಿಚ್, ಬಾರ್ ಲೈಟಿನ ಪ್ಲಗ್ ಇವನ್ನೆಲ್ಲ ಬಿಡಿಸಿದ ಮೇಲೆ ಬಲ್ಬ್ ಆರಿತು. ಇನ್ನು ಮುಂದೆ ಅದು ಬೆಳಗಿದರೆ ಅದಕ್ಕೆ ಶಾರ್ಟ್ ಒಂದೇ ಕಾರಣವಾಗಿರಬೇಕು.

ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದಾಗ ಏನೂ ಆಗಲಿಲ್ಲ. ಒಬ್ಬರು ಫುಟ್‌ಬೋರ್ಡಿನ ಮೇಲೆ ನಿಂತು ಮುಂದಿನ ಸಸ್ಪೆನ್ಷನ್ ಒತ್ತಿ ಬಿಡುತ್ತಿರುವಾಗ ಇನ್ನೊಬ್ಬರು ಹ್ಯಾಂಡಲನ್ನು ಎಡಕ್ಕೆ ಕೊನೆಯವರೆಗೆ ಹೊರಳಿಸಿ ಹಿಡಿದಾಗ ಬಲ್ಬ್ ಒಮ್ಮೆ ಮಿಂಚಿ ಆರಿತು. ಮತ್ತೆ ಮಾಡಿದಾಗ ಮತ್ತೆ ಮಿಂಚಿತು. ಕೀ ಆಫ್ ಮಾಡಿ ಅದೇ ಚಲನೆಯನ್ನು ಮಾಡಿದಾಗ ಬಲ್ಬ್ ಬೆಳಗಲೇ ಇಲ್ಲ. ಈ ಒಂದು ಹೋಲಿಕೆಯಿಂದ ಅರ್ಧ ವೈರಿಂಗ್ ಅನುಮಾನದಿಂದ ಹೊರಬಿತ್ತು: ಫ್ಯೂಸಿನಿಂದ ಕೀ ಸ್ವಿಚ್ಚಿನವರೆಗಿನ ವೈರು ಸರಿಯಾಗಿದೆ, ದೋಷ ಇರುವುದು ಕೀ ದಾಟಿದ ಮೇಲಿನ ಭಾಗದಲ್ಲಿ. ಹ್ಯಾಂಡಲ್ ಮೇಲಿನ ಸ್ವಿಚ್‌ಗಳ ಕಪ್ಲರ್ ಬಿಡಿಸಿದ ಮೇಲೂ ಬಲ್ಬ್ ಮಿಂಚಿದ್ದರಿಂದ ಆ ಸ್ವಿಚ್‌ಗಳೂ ಅವುಗಳ ವೈರುಗಳೂ ಬಿಟ್ಟುಹೋದವು. ಉಳಿದದ್ದು ಕೀ ಸ್ವಿಚ್ಚಿನಿಂದ ಸ್ಟೀರಿಂಗ್ ಕಂಬದ ಪಕ್ಕದಲ್ಲಿ ಇಳಿದು ಫ್ರೇಮಿಗೆ ಸೇರುವ ಒಂದು ಮೊಳದಷ್ಟು ಹಾರ್ನೆಸ್. ಆ ಕಟ್ಟನ್ನು ಬೆರಳುಗಳಿಂದ ಹಿಡಿದು ಇಂಚಿಂಚಾಗಿ ಒತ್ತುತ್ತಾ ಕೆಳಗೆ ಹೋದಾಗ, ಕಂಬದ ಬ್ರಾಕೆಟ್ಟಿನ ಹಿಂಬದಿಯಲ್ಲಿ ಒತ್ತಿದ ಕೂಡಲೇ ಬಲ್ಬ್ ಹೊತ್ತಿ ಹಾಗೆಯೇ ಉರಿಯುತ್ತಾ ನಿಂತಿತು.

ಆಮೇಲೆ ಮಾತ್ರ ಬ್ಯಾಟರಿ ತೆಗೆದು ಟೇಪ್ ಬಿಚ್ಚಲಾಯಿತು. ಬಾರ್ ಲೈಟ್ ಜೋಡಿಸಿದವರು ಅದರ ವೈರನ್ನು ಮೂಲ ಹಾರ್ನೆಸ್ಸಿನ ಜೊತೆ ಸೇರಿಸಿ ಕೇಬಲ್ ಟೈಯಿಂದ ಬ್ರಾಕೆಟ್ಟಿಗೆ ಬಿಗಿಯಾಗಿ ಕಟ್ಟಿದ್ದರು. ನೋಟಕ್ಕೆ ಅದು ಅಚ್ಚುಕಟ್ಟಾದ ಕೆಲಸವೇ. ಆದರೆ ಆ ಜಾಗದಲ್ಲಿ ಹಾರ್ನೆಸ್ ಸಡಿಲವಾಗಿ ಬಳುಕುವುದಕ್ಕೆಂದೇ ತಯಾರಕರು ಬಿಟ್ಟಿದ್ದ ಬಾಗು ಈ ಕಟ್ಟಿನಿಂದ ಇಲ್ಲವಾಗಿತ್ತು. ಹ್ಯಾಂಡಲ್ ಎಡಕ್ಕೆ ತಿರುಗಿದಾಗಲೆಲ್ಲ ಬಿಗಿದ ಕಟ್ಟು ಎಳೆಯಲ್ಪಟ್ಟು ವೆಲ್ಡ್ ಮಾಡಿದ ತಗಡಿನ ಅಂಚಿಗೆ ಉಜ್ಜುತ್ತಿತ್ತು. ಹೊರಗಿನ ಕೊಳವೆ ಸೀಳಿತ್ತು, ಒಳಗಿನ ಒಂದು ವೈರಿನ ಹೊದಿಕೆ ಉಗುರಿನ ಅಗಲದಷ್ಟು ಸವೆದು ತಾಮ್ರದ ಎರಡು ಮೂರು ಎಳೆಗಳು ಹೊಳೆಯುತ್ತಿದ್ದವು, ಅವುಗಳ ಎದುರಿಗೆ ತಗಡಿನ ಅಂಚಿನ ಬಣ್ಣದಲ್ಲಿ ಕಿಡಿ ಹಾರಿದ ಸಣ್ಣ ಕಪ್ಪು ಕುಳಿಗಳಿದ್ದವು. ಸವೆದ ಜಾಗದಿಂದ ಸ್ವಲ್ಪ ಮೇಲೆ ಅದೇ ವೈರಿನ ಹೊದಿಕೆ ಗಡುಸಾಗಿ ಹೊಳಪೇರಿತ್ತು. ದೊಡ್ಡ ಫ್ಯೂಸ್ ಇದ್ದ ಅವಧಿಯಲ್ಲಿ ಅದು ಕಾದದ್ದರ ಗುರುತು ಅದೆಂದು ಊಹಿಸಬಹುದು.

ಇನ್ನೂ ಒಂದು ದೋಷ ಅಲ್ಲಿಯೇ ಹೊರಬಂತು. ಬಾರ್ ಲೈಟಿಗೆ ಕರೆಂಟ್ ತೆಗೆದದ್ದು ಇದೇ ವೈರಿನಿಂದ, ಅದೂ ವೈರನ್ನು ಕತ್ತರಿಸದೆ ಮೇಲಿನಿಂದ ಕಚ್ಚಿ ಹಿಡಿಯುವ ಕ್ಲಿಪ್ಪಿನಿಂದ. ಇಂಥ ಕ್ಲಿಪ್ಪಿನ ಒಳಗಿನ ತಗಡು ಹೊದಿಕೆಯನ್ನು ಸೀಳಿ ತಾಮ್ರವನ್ನು ಮುಟ್ಟುತ್ತದೆ. ಆ ಸೀಳಿನ ಮೂಲಕ ನೀರೂ ಒಳಗೆ ಹೋಗುತ್ತದೆ. ಬತ್ತಿ ಎಣ್ಣೆಯನ್ನು ಹೀರುವಂತೆ ತಾಮ್ರದ ಎಳೆಗಳ ಸಂದಿಯಲ್ಲಿ ನೀರು ಏರಿ, ಹೊರಗೆ ಚೆನ್ನಾಗಿಯೇ ಕಾಣುವ ಹೊದಿಕೆಯ ಒಳಗೆ ತಾಮ್ರ ಕಪ್ಪಾಗಿ, ಕೆಲವು ಕಡೆ ಹಸಿರಾಗಿ ಪುಡಿಯಾಗುತ್ತಿತ್ತು. ಬಾರ್ ಲೈಟ್ ಉರಿಸಿ 6 ಆಂಪಿಯರ್ ಹರಿಸಿದಾಗ ಆ ಒಂದು ಕ್ಲಿಪ್ಪಿನಲ್ಲೇ 0.6 ವೋಲ್ಟ್ ಕಳೆಯುತ್ತಿತ್ತು, ಅಂದರೆ ಮೂರೂವರೆ ವ್ಯಾಟಿನಷ್ಟು ಶಾಖ ಒಂದು ಚಿಕ್ಕ ಪ್ಲಾಸ್ಟಿಕ್ಕಿನೊಳಗೆ ಹುಟ್ಟುತ್ತಿತ್ತು.

ದುರಸ್ತಿ

ಸವೆದ ಜಾಗಕ್ಕೆ ಟೇಪ್ ಸುತ್ತಿ ಮುಗಿಸಿದ್ದರೂ ಫ್ಯೂಸ್ ಕೆಲವು ತಿಂಗಳು ಹೋಗದೇ ಇರಬಹುದಿತ್ತು. ಆದರೆ ಎಳೆ ಕಡಿದ, ಕಾದು ಗಡುಸಾದ, ಒಳಗೆ ಕಿಲುಬು ಹಿಡಿದ ವೈರನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿರಲಿಲ್ಲ. ಎರಡೂ ಕಡೆ ತಾಮ್ರ ಕೆಂಪಗೆ ಹೊಳೆಯುವ ಜಾಗ ಸಿಗುವವರೆಗೆ ವೈರನ್ನು ಕತ್ತರಿಸುತ್ತಾ ಹೋಗಿ, ಅಷ್ಟೇ ದಪ್ಪದ, ಸಣ್ಣ ಎಳೆಗಳಿರುವ, ವಾಹನಗಳಿಗೆಂದೇ ತಯಾರಾದ ವೈರಿನ ತುಂಡನ್ನು ಸೇರಿಸಲಾಯಿತು. ಮನೆಯ ವೈರಿಂಗಿಗೆ ಬಳಸುವ ಒಂಟಿ ಕಂಬಿಯ ವೈರು ಇಲ್ಲಿಗೆ ಸಲ್ಲದು, ಅದು ಕಂಪನಕ್ಕೆ ಬೇಗ ಮುರಿಯುತ್ತದೆ. ಸೇರಿಸಿದ ತುಂಡನ್ನು ಬೇಕೆಂದೇ ಉದ್ದವಾಗಿ ಆರಿಸಿದ್ದು, ಜೋಡಣೆಗಳು ಸ್ಟೀರಿಂಗ್ ಬಳುಕುವ ಜಾಗದಿಂದ ದೂರ, ಹಾರ್ನೆಸ್ ಅಲ್ಲಾಡದೆ ನಿಲ್ಲುವ ಕಡೆ ಬರಲಿ ಎಂದು.

ಬೆಸುಗೆಯೋ ಕ್ರಿಂಪೋ (ಲೋಹದ ತೋಳನ್ನು ಇಕ್ಕಳದಿಂದ ಅದುಮಿ ವೈರುಗಳನ್ನು ಕೂಡಿಸುವುದು) ಎಂಬ ಚರ್ಚೆ ಮೆಕ್ಯಾನಿಕ್‌ಗಳಲ್ಲಿ ಮುಗಿಯುವಂಥದ್ದಲ್ಲ. ಬೆಸುಗೆಯ ಸೀಸ ಎಳೆಗಳ ನಡುವೆ ಹರಿದು ಹೋದಷ್ಟು ದೂರ ವೈರು ಗಟ್ಟಿ ಕಡ್ಡಿಯಾಗುತ್ತದೆ, ಆ ಕಡ್ಡಿ ಮುಗಿದು ಮೃದು ವೈರು ಶುರುವಾಗುವ ಗೆರೆಯಲ್ಲಿ ಕಂಪನದಿಂದ ಎಳೆಗಳು ಮುರಿಯುತ್ತವೆ. ಆ ಕಾರಣಕ್ಕೆ ಎಟಿವಿಯಂಥ ವಾಹನದಲ್ಲಿ, ಸರಿಯಾದ ಇಕ್ಕಳದಿಂದ ಮಾಡಿದ ಕ್ರಿಂಪಿನ ಮೇಲೆ ಕಾಯಿಸಿದರೆ ಕುಗ್ಗಿ ಬಿಗಿಯುವ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕುವುದೇ ಮೇಲೆಂದು ನಾನು ನಂಬುತ್ತೇನೆ, ಇಲ್ಲಿ ಹಾಗೆಯೇ ಮಾಡಲಾಯಿತು. ಸ್ಲೀವ್ ಕಾದಾಗ ಎರಡೂ ತುದಿಯಲ್ಲಿ ಅಂಟಿನ ಸಣ್ಣ ಉಂಗುರ ಹೊರಗೆ ಕಾಣಬೇಕು. ಕಂಡರೆ ಮಾತ್ರ ನೀರು ಒಳಗೆ ಹೋಗುವುದಿಲ್ಲವೆಂಬ ಭರವಸೆ. ಪ್ರತಿ ಜೋಡಣೆಯನ್ನೂ ಕೈಯಿಂದ ಜಗ್ಗಿ ನೋಡಲಾಯಿತು.

ತಗಡಿನ ಅಂಚನ್ನು ಅರದಿಂದ ಮೊಂಡಾಗಿಸಿ ಬಣ್ಣ ಹಚ್ಚಿ, ಹಾರ್ನೆಸ್ಸಿಗೆ ಹೊಸ ಸುಕ್ಕುಗಟ್ಟಿದ ಕೊಳವೆ ತೊಡಿಸಿ ಅದರ ಸೀಳು ಕೆಳಮುಖವಾಗುವಂತೆ ಇಟ್ಟು, ಕೇಬಲ್ ಟೈ ಬದಲಿಗೆ ರಬ್ಬರ್ ಸುತ್ತಿದ ಕ್ಲಾಂಪಿನಿಂದ ಹಿಡಿಸಲಾಯಿತು. ಕ್ಲಾಂಪ್ ಬಿಗಿಮಾಡುವ ಮೊದಲು ಹ್ಯಾಂಡಲನ್ನು ಎರಡೂ ಕೊನೆಗಳಿಗೆ ತಿರುಗಿಸಿ, ಯಾವ ಕೊನೆಯಲ್ಲೂ ವೈರುಗಳು ಬಿಗಿಯದಷ್ಟು ಬಾಗನ್ನು ಉಳಿಸಿಕೊಂಡದ್ದು ಇಡೀ ದುರಸ್ತಿಯ ಮುಖ್ಯ ಭಾಗ. ಬಾರ್ ಲೈಟಿಗೆ ಇಗ್ನಿಷನ್ ಸರ್ಕ್ಯೂಟಿನ ಹಂಗನ್ನೇ ತಪ್ಪಿಸಲಾಯಿತು: ಬ್ಯಾಟರಿಯಿಂದ ನೇರ ವೈರು, ಬ್ಯಾಟರಿಯ ಹತ್ತಿರವೇ 10 ಆಂಪಿಯರಿನ ಫ್ಯೂಸ್, ನಡುವೆ ರಿಲೇ, ಇಗ್ನಿಷನ್ ಸರ್ಕ್ಯೂಟಿನಿಂದ ಈಗ ಹೋಗುವುದು ರಿಲೇಯನ್ನು ಎಳೆಯುವಷ್ಟು ಅಲ್ಪ ಕರೆಂಟು ಮಾತ್ರ. ಫ್ಯೂಸನ್ನು ಬ್ಯಾಟರಿಯ ಹತ್ತಿರ ಇಡಬೇಕಾದದ್ದೇಕೆಂದರೆ, ಬ್ಯಾಟರಿಯಿಂದ ಫ್ಯೂಸಿನವರೆಗಿನ ತುಂಡಿಗೆ ಯಾವ ರಕ್ಷಣೆಯೂ ಇರುವುದಿಲ್ಲ, ಅದು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು.

ಮರುಪರಿಶೀಲನೆ

ಎಲ್ಲ ಕಪ್ಲರ್‌ಗಳನ್ನು ಇನ್ನೂ ಬಿಡಿಸಿಟ್ಟಿರುವಾಗಲೇ ಅದೇ ಬಲ್ಬನ್ನು ಮತ್ತೆ ಫ್ಯೂಸಿನ ಜಾಗದಲ್ಲಿಟ್ಟು, ದೋಷವನ್ನು ತೋರಿಸಿಕೊಟ್ಟ ಅದೇ ಚಲನೆಗಳನ್ನು ಮಾಡಿ ನೋಡಲಾಯಿತು. ಬಲ್ಬ್ ಮಿಂಚಲಿಲ್ಲ. ನಂತರ 15 ಆಂಪಿಯರಿನ ಫ್ಯೂಸ್ ಹಾಕಿ, ಕಪ್ಲರ್‌ಗಳನ್ನು ಸೇರಿಸಿ, ಎಲ್ಲ ದೀಪಗಳನ್ನು ಉರಿಸಿ ಎಂಜಿನ್ ಓಡುತ್ತಿರುವಾಗ ಆ ಸರ್ಕ್ಯೂಟಿನ ಕರೆಂಟ್ ಅಳೆದಾಗ ಅದು ಫ್ಯೂಸಿನ ಮಿತಿಯ ಅರ್ಧಕ್ಕಿಂತ ಕೆಳಗೇ ಇತ್ತು. ಬ್ಯಾಟರಿಯಿಂದ ಇಗ್ನಿಷನ್ ಸರ್ಕ್ಯೂಟಿನ ತುದಿಯವರೆಗಿನ ವೋಲ್ಟೇಜ್ ಡ್ರಾಪ್ 0.3 ವೋಲ್ಟಿನಷ್ಟು ಬಂತು. ಸ್ಟೀರಿಂಗ್ ಕಂಬದ ಸುತ್ತ ನೀರು ಹಾಯಿಸಿ, ಉಬ್ಬುತಗ್ಗಿನ ನೆಲದಲ್ಲಿ ಎಡಕ್ಕೂ ಬಲಕ್ಕೂ ಪೂರ್ತಿ ತಿರುವುಗಳನ್ನು ತೆಗೆದುಕೊಂಡು ಓಡಿಸಿದಾಗಲೂ ಫ್ಯೂಸ್ ಹೋಗಲಿಲ್ಲ.

ಕೆಲವು ವಾರಗಳ ಬಳಕೆಯ ನಂತರ ವಾಹನವನ್ನು ಮತ್ತೆ ತರಿಸಿಕೊಂಡು ಕೊಳವೆಯನ್ನು ಸರಿಸಿ ನೋಡಲಾಯಿತು. ಬ್ರಾಕೆಟ್ಟಿನ ಬಳಿ ಉಜ್ಜಿದ ಗುರುತು ಇರಲಿಲ್ಲ, ಅರ್ತ್ ಬೋಲ್ಟಿನ ನಷ್ಟ ದುರಸ್ತಿಯ ದಿನದ ಅಳತೆಯಲ್ಲೇ ಇತ್ತು. ಅದೇ ತಪಾಸಣೆಯಲ್ಲಿ, ಸೈಲೆನ್ಸರಿನ ಶಾಖತಡೆ ತಗಡಿಗೆ ಹಿಂಬದಿಯ ಹಾರ್ನೆಸ್ ಬಹಳ ಹತ್ತಿರ ಬಂದಿರುವುದು ಕಂಡದ್ದರಿಂದ, ಅದನ್ನೂ ಒಂದು ರಬ್ಬರ್ ಕ್ಲಾಂಪಿನಿಂದ ಫ್ರೇಮಿನ ಒಳಮಗ್ಗುಲಿಗೆ ಸರಿಸಿ ಹಿಡಿಸಲಾಯಿತು.